ಹೊಸ ತೊಟ್ಟಿ, ಮೂರೇ ದಿನಕ್ಕೆ ನೀರು ಬಿಳಿ

ಪ್ರಶ್ನೆ:
ಮಗಳ ಹಟಕ್ಕೆ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಅಕ್ವೇರಿಯಂ ತಂದೆ. ಭಾನುವಾರ ನಲ್ಲಿ ನೀರು ತುಂಬಿಸಿ, ಸಂಜೆಗೇ ಆರು ಗೋಲ್ಡ್‌ಫಿಶ್ ಬಿಟ್ಟೆವು. ಬುಧವಾರ ನೀರು ಅಕ್ಕಿ ತೊಳೆದ ಹಾಗಾಗಿದೆ, ಎರಡು ಮೀನು ಹೋದವು. ಉಳಿದವು ಮೇಲೆ ಬಂದು ಬಾಯಿ ಬಿಡುತ್ತಿವೆ. ಮಗಳಿಗೆ ‘ಅಜ್ಜಿ ಮನೆಗೆ ಹೋಗಿವೆ’ ಅಂದಿದ್ದೇನೆ, ಅಜ್ಜಿಗೆ ಫೋನ್ ಮಾಡ್ತೀನಿ ಅಂತ ಕೂತಿದ್ದಾಳೆ. ತೊಟ್ಟಿ ಖಾಲಿ ಮಾಡಿ ತಿಕ್ಕಿ ತೊಳೆಯಲಾ?

ಉತ್ತರ 1:
ತೊಳೀಬೇಡಿ ಮಾರಾಯ್ರೆ! ಮೀನಿನ ಹೊಲಸು, ತಿನ್ನದೆ ಉಳಿದ ಕಾಳು ಕೊಳೆತು ಅಮೋನಿಯಾ ಆಗುತ್ತೆ, ಅದು ಮೀನಿಗೆ ವಿಷ. ಅದನ್ನು ನೈಟ್ರೈಟ್, ಆಮೇಲೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರ್ ಸ್ಪಂಜಿನಲ್ಲಿ ನೆಲೆಯೂರೋಕೆ ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಸದ್ಯಕ್ಕೆ ದಿನಾ ಕಾಲು ಭಾಗ ನೀರು ಬದಲಿಸಿ, ಕಾಳು ದಿನ ಬಿಟ್ಟು ದಿನ ಒಂದು ಚಿಟಿಕೆ ಸಾಕು. ಸ್ಪಂಜನ್ನು ನಲ್ಲಿ ಕೆಳಗೆ ಹಿಂಡಬೇಡಿ, ತೊಟ್ಟಿಯಿಂದ ತೆಗೆದ ನೀರಲ್ಲೇ ಅದ್ದಿ ತೆಗೀರಿ.

ಉತ್ತರ 2:
ಕ್ಲೋರಿನ್ ತೆಗೆದಿದ್ರಾ? ಹೊಸ ನೀರಿಗೆ ಆಂಟಿ ಕ್ಲೋರಿನ್ ಹನಿ ಹಾಕಿಯೇ ಸುರೀರಿ. ಇನ್ನೊಂದು, ನಿಮ್ಮದು ಹೆಚ್ಚೆಂದರೆ 55 ಲೀಟರ್. ಆರು ಗೋಲ್ಡ್‌ಫಿಶ್ ಅದರಲ್ಲಿ ಬೆಳೆಯೋದು ಅಂದ್ರೆ ಬಿಎಂಟಿಸಿ ಬಸ್ಸಲ್ಲಿ ಸಂಸಾರ ಮಾಡಿದ ಹಾಗೆ. ಗಪ್ಪಿಯಂಥ ಪುಟ್ಟ ಮೀನು ಸಾಕಬಹುದಿತ್ತು.

ಉತ್ತರ 3:
ಗೊತ್ತಿರೋರ ಮನೇಲಿ ಆರೋಗ್ಯವಾಗಿರೋ ಹಳೇ ತೊಟ್ಟಿ ಇದ್ರೆ ಅವರ ಫಿಲ್ಟರ್ ಸ್ಪಂಜಿನ ಒಂದು ತುಂಡು ಕೇಳಿ. ಒಣಗಿಸದೆ ತನ್ನಿ.

ಪ್ರಶ್ನೆ ಕೇಳಿದವರು:
ಮೇಲ್ಮನೆ ಅಂಕಲ್ ಹತ್ರ ತುಂಡು ಸಿಕ್ಕಿತು. ನಾಲ್ಕೂ ಗೋಲ್ಡ್‌ಫಿಶ್ ಈಗ ಅವರ ದೊಡ್ಡ ತೊಟ್ಟಿಯಲ್ಲಿವೆ. ಮಗಳು ದಿನಾ ಸಂಜೆ ಅಲ್ಲೇ ಠಿಕಾಣಿ.