ಅಂತರಗಂಗೆಯಲ್ಲಿ ಮೂತಿಹುಳು ಗಾಯದ ಸುತ್ತ ಕಂದು ಚುಕ್ಕೆ: ಕೊಲ್ಲುತ್ತಿರುವುದು ಹುಳುವೋ, ರೋಗವೋ?

ಪ್ರಶ್ನೆ
ಕೆರೆಯ ಅಂತರಗಂಗೆಗೆ (ನೇರಳೆ ಹೂವಿನದು; ಅದೇ ಹೆಸರಿನ ಇನ್ನೊಂದು ತೇಲುಕಳೆ ಪಿಸ್ಟಿಯಾ ಅಲ್ಲ) ನಿಯೋಕೆಟಿನಾ ಮೂತಿಹುಳು (ಈ ಕಳೆಯನ್ನು ತಿಂದು ಹತೋಟಿಯಲ್ಲಿಡುವ ಕೀಟ) ಬಿದ್ದಿದೆ. ಹುಳು ಕೆರೆದ ಗಾಯದ ಸುತ್ತಲೇ ಕಂದು ಚುಕ್ಕೆ ಏಳುತ್ತಿದೆ. ರೋಗವನ್ನು ಹುಳುವೇ ಹರಡುತ್ತಿದೆಯೇ? ಚುಕ್ಕೆಯೆದ್ದ ಎಲೆ ಅರೆದು ಸಿಂಪಡಿಸಿದರೆ ಕಳೆ ಬೇಗ ಸತ್ತೀತೇ?

ಉತ್ತರ 1
ಗಿಡಹೇನು ವೈರಸ್ ಹರಡಿದಂತೆ ಅಲ್ಲ. ಇಲ್ಲಿ ಹುಳುವಿನ ಮುಖ್ಯ ಕೆಲಸ ಬಾಗಿಲು ತೆರೆಯುವುದು. ಪ್ರೌಢ ಹುಳು ರಾತ್ರಿ ಹೊತ್ತು ಎಲೆಯ ಮೇಲ್ಪದರವನ್ನು ಚೌಕಚೌಕವಾಗಿ, 2–3 ಮಿ.ಮೀ. ಅಗಲಕ್ಕೆ ಕೆರೆದು ತಿನ್ನುತ್ತದೆ. ಮೇಣದ ಹೊದಿಕೆ ಹೋದ ಆ ಜಾಗದಲ್ಲಿ ಸರ್ಕೋಸ್ಪೊರಾ, ಆಲ್ಟರ್ನೇರಿಯಾ, ಅಕ್ರಿಮೋನಿಯಂ ಶಿಲೀಂಧ್ರಗಳಿಗೆ ಒಳಹೋಗುವುದು ಸಲೀಸು. ಬೀಜಕ (ಶಿಲೀಂಧ್ರ ಹರಡುವ ಸೂಕ್ಷ್ಮ ಕಣ) ಹುಳುವಿನ ಮೈಗಂಟಿ ಬರಬಹುದು, ಗಾಳಿ-ಮಳೆಹನಿಯಲ್ಲೂ ಬರುತ್ತದೆ.

ನಿಜವಾದ ಕೇಡು ಮರಿಹುಳುವಿನದು. ಎಲೆದಂಟನ್ನು ಕೊರೆಯುತ್ತಾ ಬುಡದ ಸುಳಿಗೆ ಇಳಿಯುತ್ತದೆ. ಸುರಂಗಕ್ಕೆ ನೀರು, ಬ್ಯಾಕ್ಟೀರಿಯಾ ಹೊಕ್ಕು ದಂಟು ಕೊಳೆತು ಗಿಡ ಮುಳುಗುತ್ತದೆ. ಹಾಗಾಗಿ ಎಲೆಯನ್ನಷ್ಟೇ ನೋಡಬೇಡಿ. ಬೇರೆಬೇರೆ ಕಡೆಯಿಂದ 20 ಗಿಡ ಎತ್ತಿ, ದಂಟನ್ನು ಉದ್ದಕ್ಕೆ ಸೀಳಿ. ಕಪ್ಪು ಸುರಂಗ ಸುಳಿಯವರೆಗೆ ಹೋಗಿದ್ದರೆ ಕೆಲಸ ಸಾಗುತ್ತಿದೆ. ಎಲೆಯಲ್ಲಿ ಗಾಯ ತುಂಬಿದ್ದೂ ದಂಟು ಗಟ್ಟಿಯಿದ್ದರೆ ಇನ್ನೂ ಕಾಯಬೇಕು.

ಉತ್ತರ 2
ಅರೆದು ಸಿಂಪಡಿಸುವ ಯೋಚನೆ ಬಿಡಿ. ಆ ರಸದಲ್ಲಿ ಯಾವ ಶಿಲೀಂಧ್ರವಿದೆ, ದಡದ ತರಕಾರಿಗೆ ಅದು ಹತ್ತುತ್ತದೆಯೇ ಎಂಬುದು ಗೊತ್ತಾಗದು. ಮೊದಲು ಗುರುತಿಸಬೇಕು: ಚುಕ್ಕೆಯ ಅಂಚಿನಿಂದ 5 ಮಿ.ಮೀ. ತುಂಡು ಕತ್ತರಿಸಿ, 1% ಸೋಡಿಯಂ ಹೈಪೋಕ್ಲೋರೈಟಿನಲ್ಲಿ ಒಂದು ನಿಮಿಷ ಅದ್ದಿ, ಶುದ್ಧ ನೀರಲ್ಲಿ ಎರಡು ಸಲ ತೊಳೆದು, ಆಲೂಗಡ್ಡೆ ಡೆಕ್ಸ್‌ಟ್ರೋಸ್ ಅಗಾರ್ (ಪ್ರಯೋಗಾಲಯದಲ್ಲಿ ಶಿಲೀಂಧ್ರ ಬೆಳೆಸುವ ಮಾಧ್ಯಮ) ಮೇಲೆ 25 ಡಿಗ್ರಿಯಲ್ಲಿ ಬೆಳೆಸಿ. ಅಂಚನ್ನೇ ತೆಗೆಯಿರಿ, ಸತ್ತ ನಡುಭಾಗದಲ್ಲಿ ಕೊಳೆತಿನಿ ಶಿಲೀಂಧ್ರಗಳೇ ಮೊದಲು ಬೆಳೆದು ದಾರಿ ತಪ್ಪಿಸುತ್ತವೆ. ಅಗಾರ್ ಕಡುಗೆಂಪಾದರೆ ಆಲ್ಟರ್ನೇರಿಯಾ ಐಕಾರ್ನಿಯೆ ಇರಬಹುದು (1970ರಲ್ಲಿ ನಾಗರಾಜ್, ಪೊನ್ನಪ್ಪ ಹೆಸರಿಟ್ಟದ್ದು). ಬಣ್ಣವೊಂದನ್ನೇ ನಂಬದೆ ಸೂಕ್ಷ್ಮದರ್ಶಕದಲ್ಲಿ ಬೀಜಕ ನೋಡಿಸಿ.

ಪ್ರಶ್ನೆ ಕೇಳಿದವರು
ಸರಿ, ಸಿಂಪಡಣೆ ಕೈಬಿಟ್ಟೆ. ಪಂಚಾಯಿತಿಯವರು ಯಂತ್ರ ತಂದು ಒಂದೇ ಸಲಕ್ಕೆ ಎಲ್ಲ ಎತ್ತುತ್ತೇವೆ ಎನ್ನುತ್ತಿದ್ದಾರಲ್ಲ?

ಉತ್ತರ 3
ಹುಳುವನ್ನು ಕಳೆದುಕೊಳ್ಳುವುದು ಬಹುತೇಕ ಹಾಗೆಯೇ. ಇದರ ಕೋಶ (ಮರಿಹುಳು ಪ್ರೌಢವಾಗುವ ಮುಂಚಿನ ಗೂಡಿನ ಹಂತ) ನೀರೊಳಗಿನ ಬೇರಿಗೆ ಅಂಟಿರುತ್ತದೆ, ಗಿಡದೊಂದಿಗೆ ಅದೂ ದಡಕ್ಕೆ ಬಿದ್ದು ಒಣಗುತ್ತದೆ. ಆಮೇಲೆ ಬೀಜದಿಂದ ಮೊಳೆತ ಕಳೆಗೆ ತಡೆಯೇ ಇರದು. ಹುಳು ಜಾಸ್ತಿಯಿರುವ ಕಡೆ ಒಂದು ಪಟ್ಟಿಯನ್ನು ಬಿದಿರಿನ ತಡೆ ಕಟ್ಟಿ ಉಳಿಸಿಕೊಳ್ಳಿ, ಅದರ ಹತ್ತಿರ ಸೊಳ್ಳೆ ಔಷಧಿ ಹೊಡೆಯಲು ಬಿಡಬೇಡಿ. ಚರಂಡಿ ನೀರು ಸೇರುತ್ತಿದೆಯೇ, ಅದನ್ನೂ ಹೇಳಿ. ಸಾರಜನಕ, ರಂಜಕ ಹೆಚ್ಚಿದ್ದರೆ ತಿಂದ ಎಲೆಗಿಂತ ಹೊಸ ಎಲೆ ಬೇಗ ಬರುತ್ತದೆ. ಆಗ ಹುಳುವೂ ರೋಗವೂ ಸೇರಿದರೂ ಕಳೆಯನ್ನು ಹಿಂದಿಕ್ಕಲಾರವು.