ಮುಸುರೆ ಯಾರು ತಿಕ್ಕೋದು?

"ಒಂಬತ್ತು ಸಾವಿರ ಕೊಟ್ಟು ಮೂರು ದಿನ ಕಳೆ ಕೀಳ್ತೀಯಾ?" ಮಂಡಕ್ಕಿಗೆ ಚಾಚಿದ್ದ ಬಸಣ್ಣನ ಕೈ ಅಲ್ಲೇ ನಿಂತಿತು. "ಲೇ ಉಮೇಶ, ನಮ್ಮ ಮೆಕ್ಕೆಜೋಳದ ಹೊಲಕ್ಕೆ ಬಾ. ನಾನೇ ನಿನಗೆ ಕೂಲಿ ಕೊಡ್ತೀನಿ. ಮಧ್ಯಾಹ್ನಕ್ಕೆ ರೊಟ್ಟಿ, ಶೇಂಗಾ ಚಟ್ನಿ ಬೇರೆ."

"ಅದು ಕಳೆ ಕೀಳೋದಲ್ಲಪ್ಪ. ಕಳೆ ಜೊತೆ ಧ್ಯಾನ."

ಭಾನುವಾರ ಸಂಜೆ, ಜಯದೇವ ಸರ್ಕಲ್ಲಿನಿಂದ ಸ್ವಲ್ಪ ಒಳಗೆ ನಿಲ್ಲುವ ನಮ್ಮ ಮಾಮೂಲಿ ಗಾಡಿ. ಬೆಂಚಿನ ಮೇಲೆ ಹಳೇ ಪೇಪರ್ ಹಾಸಿ ಐದು ಜನರ ಖಾರ ಮಂಡಕ್ಕಿ ಒಟ್ಟಿಗೇ ಸುರಿಸಿಕೊಂಡಿದ್ದೆವು, ಸುತ್ತ ಮೆಣಸಿನಕಾಯಿ. (ಬೆಂಗಳೂರಿನವರು ಇದನ್ನು ಮಿರ್ಚಿ ಬಜ್ಜಿ ಅನ್ನುತ್ತಾರೆ. ದಾವಣಗೆರೆಯಲ್ಲಿ ಮೆಣಸಿನಕಾಯಿ ಅಂದರೆ ಇದೇ. ಹಸಿಯದ್ದಕ್ಕೆ ಬೇಕಾದರೆ ಅವರೇ ಬೇರೆ ಹೆಸರು ಹುಡುಕಿಕೊಳ್ಳಲಿ.)

ಉಮೇಶ ಫೋನು ತೆಗೆದು ತೋರಿಸಿದ. ಹೊಳಲ್ಕೆರೆ ಕಡೆ ಯಾರೋ ತೋಟ ಮಾಡಿದ್ದಾರಂತೆ, ಸಮೂಹ ಜೀವನವಂತೆ. ಬೆಳಿಗ್ಗೆ ಐದಕ್ಕೆ ಮೌನ, ಆಮೇಲೆ ಮಣ್ಣಿನ ಕೆಲಸ, ಎಲ್ಲರೂ ಸೇರಿ ಅಡುಗೆ, ಎಲ್ಲರೂ ಸೇರಿ ಊಟ, ಸಂಜೆ ನಾನು ಯಾರು ಅಂತ ಹುಡುಕೋದು. ಫೋಟೊದಲ್ಲಿ ಹತ್ತು ಹನ್ನೆರಡು ಜನ ದೊಡ್ಡ ಹ್ಯಾಟು ಹಾಕಿಕೊಂಡು ವೃತ್ತವಾಗಿ ಕೂತಿದ್ದರು. ಪ್ರತಿಯೊಬ್ಬರ ಅಂಗೈಲೂ ಒಂದೊಂದು ಟೊಮೆಟೊ.

ಮಂಜಣ್ಣ ಕನ್ನಡಕ ಏರಿಸಿ ನೋಡಿದ. "ಯಾಕೋ ಎಲ್ಲರ ಮುಖ ಇಳಿದಿದೆ? ರೇಟು ಬಿದ್ದಿದೆಯಾ?"

"ಮನೆಯವರು ಏನಂದರು?" ಅಂತ ನಾನು ಕೇಳಿದೆ.

ಉಮೇಶ ಒಂದು ಈರುಳ್ಳಿ ಚೂರು ಹುಡುಕಿಕೊಂಡ. "ಆ ಒಂಬತ್ತು ಸಾವಿರ ನನಗೆ ಕೊಡಿ, ಮೂರು ದಿನ ಮನೇಲೇ ಪಾತ್ರೆ ತಿಕ್ಕಿಸ್ತೀನಿ, ಬೇಕಾದರೆ ಮಾತೂ ಬಿಡ್ತೀನಿ ಅಂದಳು."

ಎಲ್ಲರೂ ನಕ್ಕರು. ತಿಪ್ಪೇಶಿ ನಗಲಿಲ್ಲ. ಅವನು ಮೆಣಸಿನಕಾಯಿಯ ತೊಟ್ಟು ಹಿಡಿದು ಯಾವುದೋ ಲೆಕ್ಕದಲ್ಲಿದ್ದ.

"ಊಟ ಆದ ಮೇಲೆ ಏನಂದೆ?"

"ಒಂದು ಗಂಟೆ ವಿಶ್ರಾಂತಿ. ಆಮೇಲೆ ಮೌನ."

"ಅದಲ್ಲಲೇ. ಮುಸುರೆ ಯಾರು ತಿಕ್ಕೋದು?"

"ಅವರವರ ತಟ್ಟೆ ಅವರೇ."

"ತಟ್ಟೆ ಬಿಡಪ್ಪ. ತಟ್ಟೆ ತೊಳೆದರೆ ಫೋಟೊದಲ್ಲೂ ಚೆನ್ನಾಗಿ ಕಾಣುತ್ತೆ. ನಲವತ್ತು ಜನಕ್ಕೆ ಅನ್ನ ಮಾಡಿದ ಡಬರಿ? ತಳ ಹತ್ತಿದ ಪಾಯಸದ ಪಾತ್ರೆ? ಅದನ್ನು ಅಂಗೈಲಿ ಇಟ್ಟುಕೊಂಡು ವೃತ್ತವಾಗಿ ಕೂತ ಫೋಟೊ ಒಂದಾದರೂ ಇದೆಯಾ ನೋಡು."

ಉಮೇಶ ನಿಜವಾಗಿಯೂ ಹುಡುಕಿದ. ಇರಲಿಲ್ಲ.

ಬಸಣ್ಣ ಗಂಟಲು ಸರಿಮಾಡಿಕೊಂಡ. "ನಾನು ಆ ತೋಟಕ್ಕೆ ಎರಡು ಲೋಡು ತಿಪ್ಪೆಗೊಬ್ಬರ ಹಾಕಿ ಬಂದಿದ್ದೀನಿ. ಹೇಳಿದ ರೇಟು ಕೊಟ್ಟರು, ಚೌಕಾಸಿ ಇಲ್ಲ, ಗೊಬ್ಬರಕ್ಕೆ ಕೈ ಮುಗಿದರು. ಟ್ರ್ಯಾಕ್ಟರಿಗೂ ಮುಗಿದರು. ಒಳ್ಳೇ ಜನ. ಆದರೆ ಒಂದು ನೋಡಿದೆ. ಆ ಹುಡುಗರು ಕಣ್ಣು ಮುಚ್ಚಿ ಉಸಿರು ಎಳೆದುಕೊಂಡು ಕೀಳ್ತಿದ್ದ ಕಳೆ ಏನು ಗೊತ್ತಾ? ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಹೊನಗನ್ನೆ! ಒಂದು ಬುಟ್ಟಿ ಬೆರಕೆ ಸೊಪ್ಪು ಕಿತ್ತು ಬದುವಿಗೆ ಎಸೆದು, ಬೆಂಗಳೂರಿಂದ ಬೀಜ ತರಿಸಿದ ಯಾವುದೋ ಎಲೆಗೆ ಸ್ಪ್ರಿಂಕ್ಲರ್ ಬಿಟ್ಟಿದ್ದಾರೆ. ನಾನು ಬದುವಿನದ್ದೆಲ್ಲ ಬಾಚಿಕೊಂಡು ಬಂದೆ. ರಾತ್ರಿ ಮಸ್ಸೊಪ್ಪು."

"ನೀನು ಎರಡೂ ಕಡೆ ದುಡಿದೆ ಬಿಡು," ಮಂಜಣ್ಣ ಹೇಳಿದ. "ಮುಸುರೆ ಯಾರು ತಿಕ್ತಿದ್ದರು, ಅದು ಹೇಳು."

"ಪಕ್ಕದ ಹಳ್ಳಿಯ ಇಬ್ಬರು ಹೆಂಗಸರು. ಹಿಂದೆ ನಲ್ಲಿ ಹತ್ತಿರ."

ತಿಪ್ಪೇಶಿ ಏನೂ ಹೇಳಲಿಲ್ಲ. ಮೆಣಸಿನಕಾಯಿ ಕಚ್ಚಿದ. ಗೆದ್ದವನು ಕಚ್ಚುವ ಥರ ಕಚ್ಚಿದ.

ಉಮೇಶನಿಗೆ ರೋಷ ಬಂತು. "ನಿಮಗೆ ಎಲ್ಲದರಲ್ಲೂ ಪಾತ್ರೆನೇ ಕಾಣುತ್ತೆ. ಸ್ಕಾಟ್ಲೆಂಡಿನಲ್ಲಿ ಫಿಂಡ್‌ಹಾರ್ನ್ ಅಂತ ಇಂಥದ್ದೇ ಒಂದು ಸಮೂಹ ಇದೆ. 1962ರಲ್ಲಿ ಶುರು. ಬರೀ ಮರಳು ನೆಲ, ಸಮುದ್ರದ ಗಾಳಿ. ಅಲ್ಲಿ ಗಿಡದ ದೇವತೆಗಳ ಜೊತೆ ಮಾತಾಡಿ 18 ಕಿಲೋ ತೂಗುವ ಕೋಸು ಬೆಳೆದರಂತೆ!"

"ಓದಿದ್ದೀನಿ," ತಿಪ್ಪೇಶಿ ಹೇಳಿದ. (ಅವನು ಓದದೇ ಇರೋದು ಮನೆಗೆ ಬಂದ ಕರೆಂಟ್ ಬಿಲ್ಲು ಒಂದೇ.) "ಹೋಟೆಲ್ ಮ್ಯಾನೇಜರ್ ಕೆಲಸ ಹೋಗಿದ್ದ ಮನುಷ್ಯ. ಗಂಡ, ಹೆಂಡತಿ, ಮೂರು ಗಂಡುಮಕ್ಕಳು, ಜೊತೆಗೊಬ್ಬ ಗೆಳತಿ, ಎಲ್ಲ ಒಂದು ಕ್ಯಾರವಾನಿನ ಸುತ್ತ ಬದುಕಿದರು. ದುಡ್ಡಿಲ್ಲ, ಅದಕ್ಕೇ ತರಕಾರಿ ಹಾಕಿದರು. ದೇವತೆಗಳ ಹತ್ತಿರ ಮಾತಾಡಿದ್ದು ಆ ಗೆಳತಿ. ಹೆಂಡತಿಗೆ ದೇವರ ದನಿ ಕೇಳಿಸ್ತಿತ್ತು. ಆದರೆ ಗಾಡಿಯಲ್ಲಿ ಒಂದು ನಿಮಿಷ ಸುಮ್ನೆ ಕೂರೋಕೆ ಜಾಗ ಎಲ್ಲಿ? ಪಾಪ, ಆಯಮ್ಮ ರಾತ್ರಿ ಹೊತ್ತು ಸಾರ್ವಜನಿಕ ಶೌಚಾಲಯಕ್ಕೆ ಹೋಗಿ ಧ್ಯಾನ ಮಾಡ್ತಿದ್ದಳು. ಸುಳ್ಳಲ್ಲ ಕಣೋ. ನೀನು ಕೋಸಿನ ತೂಕ ನೆನಪಿಟ್ಟುಕೊಂಡೆ, ನಾನು ಇದನ್ನು ನೆನಪಿಟ್ಟುಕೊಂಡೆ."

"ನಮ್ಮ ಮನೇಲೂ ಅದೇ," ಬಸಣ್ಣ ಹೇಳಿದ. "ಬಾಗಿಲು ಹಾಕಿಕೊಂಡರೆ ಮಾತ್ರ ಶಾಂತಿ. ಅದೂ ಮೊಮ್ಮಗ ಬಂದು ಬಡಿಯೋವರೆಗೆ."

ಮಾತು ಅಲ್ಲಿಂದ ಶೌಚಾಲಯಕ್ಕೆ, ಶೌಚಾಲಯದಿಂದ ಭದ್ರಾ ನಾಲೆ ನೀರಿಗೆ, ನೀರಿನಿಂದ ಹೊಳಲ್ಕೆರೆಗೆ ಬಂತು. ಹೊಳಲ್ಕೆರೆ ನಮ್ಮದೋ ಅವರದೋ ಅಂತ ಮಂಜಣ್ಣನಿಗೆ ಈಗಲೂ ಅನುಮಾನ. 1997ರಲ್ಲಿ ಜಿಲ್ಲೆ ಪಾಲಾದಾಗ ಅದು ಚಿತ್ರದುರ್ಗದಲ್ಲೇ ಉಳಿಯಿತು ಅಂತ ನಾನು ನೆನಪಿಸಿದೆ.

"ಹಂಗಾದರೆ ಸರಿ. ಕೋಟೆ, ಗವಿ, ತಪಸ್ಸು ಎಲ್ಲ ಅವರ ಪಾಲಿಗೆ. ಬೆಣ್ಣೆದೋಸೆ, ಮಂಡಕ್ಕಿ ನಮ್ಮ ಪಾಲಿಗೆ. ಯಾರೋ ತಿಳಿದವರೇ ಹಂಚಿದ್ದಾರೆ."

ಉಮೇಶ ಬಿಡಬೇಕಲ್ಲ. "ಆರೋವಿಲ್? ಅದು ಇಲ್ಲೇ ಪಾಂಡಿಚೇರಿ ಪಕ್ಕ. 1968ರ ಫೆಬ್ರವರಿ 28ಕ್ಕೆ 124 ದೇಶದ ಮಣ್ಣು ತಂದು ಒಂದೇ ಪಾತ್ರೆಗೆ ಹಾಕಿದರು."

"ನೋಡಿದೆಯಾ, ಅವರೂ ಪಾತ್ರೆಯಿಂದಲೇ ಶುರು ಮಾಡಿದರು," ತಿಪ್ಪೇಶಿ ಹೇಳಿದ. ಆಮೇಲೆ ದನಿ ತಗ್ಗಿಸಿದ. "ಅಲ್ಲಿಗೆ ನಾನು ಹೋಗಿದ್ದೆ. ನಗೋ ಹಾಗಿಲ್ಲ. ಮಳೆಗೆ ಕೊಚ್ಚಿ ಹೋಗ್ತಿದ್ದ ಬೋಳು ಕೆಂಪು ನೆಲದಲ್ಲಿ ಕಾಡು ಎಬ್ಬಿಸಿದ್ದಾರೆ, ಅದಕ್ಕೆ ನಾನು ಚಪ್ಪಲಿ ಬಿಟ್ಟು ಕೈ ಮುಗೀತೀನಿ. ಅಡುಗೆಮನೆ ಮಾಡಿನ ಮೇಲೆ 15 ಮೀಟರ್ ಅಗಲದ ಬೋಗುಣಿ ಥರದ್ದು ಕಟ್ಟಿದ್ದಾರೆ. ಬಿಸಿಲು ಹಿಡಿದು ಆವಿ ಮಾಡೋದು, ಆ ಆವಿಯಲ್ಲಿ ಅಡುಗೆ. ಬೇಯಿಸೋಕೆ ಸೂರ್ಯನೇ ಬಂದ! ತಿಕ್ಕೋಕೆ? ಸುತ್ತಲಿನ ಹಳ್ಳಿಗಳಿಂದ ದಿನಾ ಸಾವಿರಾರು ಜನ ಅಲ್ಲಿಗೆ ಕೆಲಸಕ್ಕೆ ಬರ್ತಾರೆ. 50 ಸಾವಿರ ಜನರ ಊರು ಮಾಡಬೇಕು ಅಂತ ಹೊರಟರು, ಐವತ್ತು ವರ್ಷ ದಾಟಿತು, ಇನ್ನೂ ನಾಲ್ಕು ಸಾವಿರ ಆಗಿಲ್ಲ. ಉಳಿದ 46 ಸಾವಿರ ಜನ ಯಾಕೆ ಬರಲಿಲ್ಲ?"

"ಯಾಕೆ?"

"ಡಬರಿ ನೋಡಿರಬೇಕು."

ಗಾಡಿಯವನೂ ನಕ್ಕುಬಿಟ್ಟ. ಅವನ ಜಾರೆ ಎಣ್ಣೆಗೆ ಬಿದ್ದು ಚುರ್ ಅಂತು.

ಉಮೇಶ ಕೊನೆಯ ಬಾಣ ತೆಗೆದ. "ಹೋಗಲಿ, ಬಸವಣ್ಣನವರ ಕಲ್ಯಾಣ? ಕಾಯಕ, ದಾಸೋಹ, ಅನುಭವ ಮಂಟಪ. ಮಣ್ಣು, ಊಟ, ಅನುಭಾವ. ಇದೇ ತಾನೆ?"

ಎಲ್ಲರ ಬಾಯಿ ಕಟ್ಟಿತು. ನಮ್ಮ ಊರಲ್ಲಿ ಈ ವಿಷಯಕ್ಕೆ ಯಾರೂ ಹಗುರ ಮಾತಾಡಲ್ಲ, ತಿಪ್ಪೇಶಿಯಂತೂ ಇಲ್ಲ. ಅವನು ಕೈಗೆ ಹತ್ತಿದ ಖಾರ ಒರೆಸಿಕೊಂಡು ಸರಿಯಾಗಿ ಕೂತ.

"ಅಲ್ಲಿ ಮಾರಯ್ಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ನಡೆಸ್ತಿದ್ದ. ಒಂದು ದಿನ ಜಾಸ್ತಿ ತಂದ. ಹೆಂಡತಿ ಲಕ್ಕಮ್ಮ, ಇಷ್ಟು ಅಕ್ಕಿ ನಮಗೆ ಯಾಕೆ, ವಾಪಸ್ ಹೋಗಿ ಸುರಿದು ಬಾ ಅಂದಳು. ನಿನ್ನ ತೋಟದ ಆಫೀಸಿನಲ್ಲಿ ಒಬ್ಬ ಲಕ್ಕಮ್ಮ ಕೂತಿದ್ದರೆ, ಒಂಬತ್ತು ಸಾವಿರದಲ್ಲಿ ಎಂಟೂವರೆ ಸಾವಿರ ನಿನ್ನ ಜೇಬಿಗೆ ತಿರುಗಿ ಬರ್ತಿತ್ತು. ನಮ್ಮಪ್ಪ ನನಗೆ ಹೆಸರಿಟ್ಟಿದ್ದು ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳದ್ದು. ಅವರೂ ಜನ ಸೇರಿಸಿ ಕೆರೆ ಕಟ್ಟಿಸಿದರು. ಮಾಡಿದಷ್ಟು ನೀಡು ಭಿಕ್ಷೆ ಅಂದರು. ನಿಂದು ಉಲ್ಟಾ. ಮಾಡೋನೂ ನೀನೇ, ಭಿಕ್ಷೆ ನೀಡೋನೂ ನೀನೇ."

"ಹಂಗಲ್ಲ ತಿಪ್ಪೇಶಿ." ಉಮೇಶ ಈ ಸಲ ಫೋನು ತೋರಿಸಲಿಲ್ಲ, ಜೇಬಿಗೆ ಹಾಕಿಕೊಂಡ. "ಮಕ್ಕಳು ಇಬ್ಬರೂ ಹೊರಗೆ. ಅವಳಿಗೆ ಟಿವಿ, ನನಗೆ ಇದು. ರಾತ್ರಿ ಒಬ್ಬರು ಎಂಟಕ್ಕೆ ಉಣ್ತೀವಿ, ಒಬ್ಬರು ಒಂಬತ್ತೂವರೆಗೆ. ಹತ್ತು ಜನರ ಮಧ್ಯೆ ಕೂತು ಊಟ ಮಾಡಿ ಎಷ್ಟು ವರ್ಷ ಆಯ್ತು ಗೊತ್ತಾ? ಮದುವೆಮನೆ ಲೆಕ್ಕಕ್ಕಿಲ್ಲ. ಅಲ್ಲಿ ಬೆನ್ನ ಹಿಂದೆ ಮುಂದಿನ ಪಂಕ್ತಿಯವರು ನಿಂತಿರ್ತಾರೆ."

ಯಾರೂ ನಗಲಿಲ್ಲ. ಮಂಜಣ್ಣ ತನ್ನ ಕಡೆಯ ಮಂಡಕ್ಕಿಯನ್ನು ಸ್ವಲ್ಪ ಉಮೇಶನ ಕಡೆ ತಳ್ಳಿದ.

ಸುಮಾರು ಹೊತ್ತಿನ ಮೇಲೆ ತಿಪ್ಪೇಶಿ ಶುರು ಮಾಡಿದ. "ಜಗಳೂರು ಕಡೆ ನಮ್ಮ ಮನೇಲಿ ಇಪ್ಪತ್ತಮೂರು ಜನ. ಹಿತ್ತಲಲ್ಲಿ ತರಕಾರಿ, ಒಂದೇ ಒಲೆ, ಸಂಜೆ ಭಜನೆ. ನಿನ್ನ ತೋಟದಲ್ಲಿ ಇರೋದೆಲ್ಲ ಇತ್ತು. ಮುಸುರೆಗೆ ದೊಡ್ಡವ್ವ ಇದ್ದಳು. ಕೊನೆಗೆ ಉಣ್ಣೋಳು, ಆಮೇಲೆ ನುಗ್ಗೆ ಮರದ ಕೆಳಗೆ ಬೂದಿ, ತೆಂಗಿನ ನಾರು ಹಿಡಿದು ಕೂರೋಳು. ಹಾಲಿನ ಪಾತ್ರೆ ತಳ ಕೆರೆದು, ಬೆಲ್ಲ ಸೇರಿಸಿ ಉಂಡೆ ಮಾಡಿ ನಮಗೆ ಕೊಡೋಳು. ಅದಕ್ಕೋಸ್ಕರ ನಾವು ಸುತ್ತ ಕೂರ್ತಿದ್ದೆವು, ವೃತ್ತವಾಗಿ! ಇಷ್ಟು ಪಾತ್ರೆ ಒಬ್ಬಳೇ ಯಾಕೆ ತಿಕ್ತೀಯ ಅಂತ ಒಬ್ಬನೂ ಕೇಳಲಿಲ್ಲ. ನಾನೂ ಕೇಳಲಿಲ್ಲ."

"ಆಮೇಲೆ ಪಾಲಾಯ್ತು," ಬಸಣ್ಣ ಹೇಳಿದ. ಅವನಿಗೆ ಈ ಕಥೆ ಗೊತ್ತು.

"ಆಯ್ತು. ಹೊಲ ಅಳೆದರು, ಎತ್ತು ಹಂಚಿದರು. ದೊಡ್ಡ ಕೊಪ್ಪರಿಗೆ ಮಾತ್ರ ಯಾರಿಗೂ ಬೇಡವಾಯ್ತು, ಯಾರ ಅಡುಗೆಮನೆ ಬಾಗಿಲಲ್ಲೂ ಅದು ಹಿಡಿಯಲಿಲ್ಲ. ದೊಡ್ಡವ್ವನಿಗೂ ಮಕ್ಕಳಿರಲಿಲ್ಲ. ಎರಡೆರಡು ತಿಂಗಳು ಒಬ್ಬೊಬ್ಬರ ಮನೆ ಅಂತ ಆಯ್ತು. ಇಲ್ಲಿಗೆ, ನಮ್ಮ ಬಾಡಿಗೆ ಮನೆಗೆ ಬಂದ ಮೊದಲ ರಾತ್ರಿ ಊಟ ಆದ ಮೇಲೆ ಸೀರೆ ಮೇಲೆ ಸಿಕ್ಕಿಸಿಕೊಂಡು ಸಿಂಕಿನ ಹತ್ತಿರ ಹೋದಳು. ಮೂರು ತಟ್ಟೆ, ಒಂದು ಕುಕ್ಕರು. ನೋಡಿದಳು. 'ಇಷ್ಟೇನಾ?' ಅಂದಳು."

"ಖುಷಿ ಆಯ್ತೇನೋ ಪಾಪ," ಮಂಜಣ್ಣ ಹೇಳಿದ.

"ನಾನೂ ಅವತ್ತು ಹಾಗೇ ಅಂದುಕೊಂಡೆ."

ಗಾಡಿಯವನು ಒಲೆ ಆರಿಸಿ ಬಾಣಲೆ ಇಳಿಸುತ್ತಿದ್ದ. ಬಸಣ್ಣ ಪೇಪರಿನ ಮೂಲೆಯಲ್ಲಿ ಉಳಿದಿದ್ದ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, ಪೇಪರ್ ಉಂಡೆ ಮಾಡಿ ಡಬ್ಬಕ್ಕೆ ಎಸೆದ. ನಮ್ಮ ಐದು ಜನದ ಮುಸುರೆ ಅಷ್ಟೇ.

ಬೈಕ್ ಸ್ಟಾರ್ಟ್ ಮಾಡುವ ಮೊದಲು ಉಮೇಶ ಮತ್ತೆ ಫೋನು ತೆಗೆದ. "ತರಬೇಕಾದ ಸಾಮಾನಿನ ಪಟ್ಟಿ ಕಳಿಸಿದ್ದಾರೆ. ಹ್ಯಾಟು, ಯೋಗ ಮ್ಯಾಟು, ನೀರಿನ ಬಾಟಲಿ, ಸ್ವಂತ ತಟ್ಟೆ. ತಿಕ್ಕೋಕೆ ಏನು ತರಬೇಕು ಅಂತ ಹಾಕೇ ಇಲ್ಲವಲ್ಲ?"

"ಬೂದಿ ತಗೊಂಡು ಹೋಗು," ತಿಪ್ಪೇಶಿ ಹೇಳಿದ. "ಅವರು ವಿಭೂತಿ ಅಂದುಕೊಳ್ತಾರೆ."