ಮೇಷ್ಟ್ರು ಲೋಕಸಭೆಗೆ ನಿಲ್ಲುವುದಾದರೆ ನೌಕರಿ ಯಾವಾಗ ಬಿಡಬೇಕು?

ಕೇಳಿದ್ದು: ಸರ್ಕಾರಿ ಪ್ರೌಢಶಾಲೆಯ ಸಹಶಿಕ್ಷಕರು, 22 ವರ್ಷದ ಸೇವೆ. ಪಕ್ಷೇತರರಾಗಿ ಲೋಕಸಭೆಗೆ ನಿಲ್ಲುವ ಆಸೆ. ರಜೆ ಹಾಕಿ ನಿಂತರೆ ಸಾಲದೇ? ಬಲ್ಲವರು ತಿಳಿಸಿ.

● ಸಾಲದು ಸರ್. ರಜೆಯಲ್ಲಿದ್ದರೂ ಹುದ್ದೆ ಹುದ್ದೆಯೇ. ಸಂವಿಧಾನದ 102ನೇ ವಿಧಿಯಲ್ಲಿ ಅದು ಲಾಭದಾಯಕ ಹುದ್ದೆ, ಅಂದರೆ ಸರ್ಕಾರದಡಿಯ ಅಂಥ ಹುದ್ದೆಯಲ್ಲಿದ್ದವರು ಸಂಸದರಾಗಲು ಅನರ್ಹರು. ನಾಮಪತ್ರ ಪರಿಶೀಲನೆಯ ದಿನ ನೀವು ನೌಕರಿಯಲ್ಲಿದ್ದರೆ ನಾಮಪತ್ರ ತಿರಸ್ಕೃತ. ರಾಜೀನಾಮೆ ಬರೆದುಕೊಟ್ಟ ಸ್ವೀಕೃತಿ ಚೀಟಿ ಅಲ್ಲಿ ನಡೆಯದು, ಅಂಗೀಕಾರದ ಆದೇಶವೇ ಕೈಯಲ್ಲಿರಬೇಕು. ಎಡವುವುದು ಇಲ್ಲೇ. ಅಧಿಸೂಚನೆ ಹೊರಟ ಏಳನೇ ದಿನಕ್ಕೆ ನಾಮಪತ್ರದ ಗಡುವು ಮುಗಿಯುತ್ತದೆ, ಮರುದಿನ ಪರಿಶೀಲನೆ. ಅಷ್ಟರಲ್ಲಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಕಡತ ಡಿಡಿಪಿಐ (ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರು) ಕಚೇರಿ ಮುಟ್ಟಿ ಆದೇಶವಾಗಿ ಬರುತ್ತದೆಂದು ನಂಬಬೇಡಿ. ಸಾಲ ಬಾಕಿ, ಇಲಾಖಾ ವಿಚಾರಣೆ ಇದ್ದರಂತೂ ಇನ್ನೂ ತಡ.

● ಒಂದು ಮಾತು ಸೇರಿಸುತ್ತೇನೆ. ದಯವಿಟ್ಟು ಬರೀ ರಾಜೀನಾಮೆ ಕೊಡಬೇಡಿ, ಹಿಂದಿನ ಸೇವೆ ಪಿಂಚಣಿ ಲೆಕ್ಕದಿಂದ ಹೋಗಿಬಿಡುತ್ತದೆ. ಇಷ್ಟು ವರ್ಷ ದುಡಿದವರು ಸ್ವಯಂನಿವೃತ್ತಿ ಕೇಳುವುದೇ ಲೇಸು. ಅದಕ್ಕೆ ಮೂರು ತಿಂಗಳ ನೋಟಿಸ್ ಬೇಕು, ಹಾಗಾಗಿ ಚುನಾವಣೆಗೆ ಆರು ತಿಂಗಳಿರುವಾಗಲೇ ಅರ್ಜಿ ಹಾಕಿ.

● ಕಾಗದಪತ್ರದ ವಿಚಾರ. ಪಕ್ಷೇತರರಿಗೆ ಹತ್ತು ಸೂಚಕರು (ನಿಮ್ಮ ಹೆಸರು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವವರು) ಬೇಕು, ಎಲ್ಲರೂ ಅದೇ ಲೋಕಸಭಾ ಕ್ಷೇತ್ರದ ಮತದಾರರು. ಪಟ್ಟಿಯ ಭಾಗ ಸಂಖ್ಯೆ, ಕ್ರಮ ಸಂಖ್ಯೆ ನೋಡಿಯೇ ಸಹಿ ಹಾಕಿಸಿ. ಒಬ್ಬರು ಹೊರಗಿನವರಾದರೂ ಸೂಚಕರು ಒಂಬತ್ತೇ ಆಗಿ ನಾಮಪತ್ರ ಬೀಳುತ್ತದೆ. ನಾಲ್ಕು ಸೆಟ್ ಕೊಡಲು ಅವಕಾಶವಿದೆ, ಬೇರೆ ಬೇರೆ ಸೂಚಕರಿಂದ ಎರಡನ್ನಾದರೂ ಕೊಡಿ. ಆಸ್ತಿ, ಸಾಲ, ಕ್ರಿಮಿನಲ್ ಪ್ರಕರಣಗಳ ವಿವರ ಕೊಡುವ ನಮೂನೆ 26ರ ಪ್ರಮಾಣಪತ್ರದಲ್ಲಿ (ಅಫಿಡವಿಟ್) ಯಾವ ಕಲಮನ್ನೂ ಖಾಲಿ ಬಿಡಬೇಡಿ, ‘ಇಲ್ಲ’ ಅಥವಾ ‘ಅನ್ವಯಿಸುವುದಿಲ್ಲ’ ಎಂದಾದರೂ ಬರೆಯಿರಿ. ನಾಮಪತ್ರ ಕೊಟ್ಟ ಮೇಲೆ ಸಂವಿಧಾನಕ್ಕೆ ನಿಷ್ಠರಾಗಿರುವ ಪ್ರತಿಜ್ಞೆ ಸ್ವೀಕರಿಸಬೇಕು, ಅದೂ ಪರಿಶೀಲನೆಯ ಹಿಂದಿನ ದಿನದೊಳಗೆ. ತುಂಬಾ ಜನ ಮರೆಯುವುದು ಇದನ್ನೇ. ಠೇವಣಿ 25,000 ರೂ., ಪರಿಶಿಷ್ಟ ಜಾತಿ, ಪಂಗಡದವರಿಗೆ 12,500. ಖರ್ಚಿಗೆ ಪ್ರತ್ಯೇಕ ಬ್ಯಾಂಕ್ ಖಾತೆಯನ್ನು ನಾಮಪತ್ರದ ಹಿಂದಿನ ದಿನವೇ ತೆರೆದಿರಬೇಕು. ಸೋತರೂ ಫಲಿತಾಂಶದ 30 ದಿನದೊಳಗೆ ಲೆಕ್ಕ ಕೊಡಲೇಬೇಕು, ಇಲ್ಲದಿದ್ದರೆ ಮೂರು ವರ್ಷ ಅನರ್ಹತೆ ಬರಬಹುದು.

● ಸಂಬಳ ನಿಂತ ಮೇಲೆ ಮನೆ ಎಷ್ಟು ವರ್ಷ ನಡೆಯುತ್ತದೆ ಎಂಬ ಲೆಕ್ಕವನ್ನೂ ಈಗಲೇ ಹಾಕಿ. ದೆಹಲಿಯಲ್ಲಿ ಶಿಕ್ಷಕಿಯಾಗಿದ್ದ ಮಾಯಾವತಿ 1984ರಲ್ಲಿ ಕೈರಾನಾ, 1985ರಲ್ಲಿ ಬಿಜನೌರ್, 1987ರಲ್ಲಿ ಹರಿದ್ವಾರದಲ್ಲಿ ಸೋತರು. ಸಂಸತ್ತಿಗೆ ಹೋದದ್ದು 1989ರಲ್ಲಿ, ಅದೇ ಬಿಜನೌರ್‌ನಿಂದ. ಅವರ ಹಿಂದೆ ಬಿಎಸ್‌ಪಿ ಸ್ಥಾಪಕ ಕಾನ್ಶಿರಾಂ ಕಟ್ಟಿದ ಸಂಘಟನೆ ಇತ್ತು. ಪಕ್ಷೇತರರಿಗೆ ಆ ಬಲವಿಲ್ಲ. ಚಲಾವಣೆಯಾದ ಸಿಂಧು ಮತಗಳಲ್ಲಿ ಆರನೇ ಒಂದು ಭಾಗ ದಾಟದಿದ್ದರೆ ಠೇವಣಿಯೂ ವಾಪಸ್ ಬರದು.

● ವಿಧಾನ ಪರಿಷತ್ತಿನ ಶಿಕ್ಷಕರ ಕ್ಷೇತ್ರಕ್ಕೆ ನಿಂತರೂ ನೌಕರಿಯ ನಿಯಮ ಇದೇ ಸರ್, ರಾಜ್ಯದ ಸದನಗಳಿಗೆ ಅದನ್ನು ಹೇಳುವುದು ಸಂವಿಧಾನದ 191ನೇ ವಿಧಿ.